ಅಕ್ಕಿಯ ಮೇಲೆ ಮೊದಲ ಅಕ್ಷರ

ಮಗುವಿಗೆ ಅಕ್ಷರಾಭ್ಯಾಸ ಮಾಡಿಸಬೇಕೆಂದು ಬೆಟ್ಟ ಹತ್ತಿ ಬರುವ ತಂದೆತಾಯಿಗಳು ಮೊದಲು ಕೇಳುವುದು, ಏನೇನು ತರಬೇಕು ಅಂತ. ಸಾಮಾನು ಬಹಳ ಇಲ್ಲ. ಒಂದು ತಟ್ಟೆ, ಅದರಲ್ಲಿ ಹರಡಲು ಅಕ್ಕಿ, ಅರಿಶಿನದ ಕೊಂಬು, ಹೂವು ಹಣ್ಣು, ಒಂದು ಸ್ಲೇಟು, ಬಳಪ. ಕೆಲವರು ಚಿನ್ನದ ಉಂಗುರ ಹಿಡಿಸಿ ಬರೆಸುತ್ತಾರೆ. ಇಲ್ಲದಿದ್ದರೆ ಚಿಂತೆ ಬೇಡ, ಮಗುವಿನ ಬೆರಳೇ ಸಾಕು. ಐದನೆಯ ವರ್ಷದಲ್ಲಿ ಮಾಡುವುದು ಹಳೆಯ ರೂಢಿ. ಈಗ ಮೂರಕ್ಕೇ ಮಾಡಿಸುವವರೂ ಇದ್ದಾರೆ. ವಿಜಯದಶಮಿ ಪ್ರಶಸ್ತವಾದ ದಿನ.

ಇನ್ನೊಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಅಕ್ಕಿಯ ಮೇಲೆ ಬರೆಸಿದ ಮಾತ್ರಕ್ಕೆ ವಿದ್ಯೆ ಬಂದುಬಿಡುತ್ತದೆಯೇ? ನಮ್ಮ ಹಿರಿಯರು ಹಾಗೆ ತಿಳಿದಿರಲಿಲ್ಲ. ಅವರು ಈ ಸಂಸ್ಕಾರವನ್ನು ಹೇಗೆ ನಡೆಸುತ್ತಿದ್ದರು ಎಂಬುದಕ್ಕೆ ನಮ್ಮ ಬಳ್ಳಾರಿ ಸೀಮೆಯ ಒಂದು ದಾಖಲೆಯೇ ಇದೆ.

1823ರಲ್ಲಿ ಅಲ್ಲಿ ಕಲೆಕ್ಟರಾಗಿದ್ದ ಕ್ಯಾಂಪ್‌ಬೆಲ್ ಎಂಬವರು ಮದ್ರಾಸಿನ ಕಂಪನಿ ಸರ್ಕಾರಕ್ಕೆ ಊರ ಶಾಲೆಗಳ ಬಗ್ಗೆ ವರದಿ ಬರೆದರು. ಅವರು ಹೇಳುವ ಕ್ರಮ ಹೀಗಿದೆ. ಹುಡುಗನಿಗೆ ಐದು ವರ್ಷವಾದಾಗ ತಂದೆತಾಯಿ ಶಾಲೆಯ ಮೇಷ್ಟ್ರನ್ನೂ ಅಲ್ಲಿ ಓದುವ ಮಕ್ಕಳನ್ನೂ ಮನೆಗೆ ಕರೆಯುತ್ತಾರೆ. ಗಣೇಶನ ಸುತ್ತ ಎಲ್ಲರೂ ಕೂರುತ್ತಾರೆ, ಹೊಸ ಹುಡುಗ ದೇವರ ಎದುರಿಗೆ. ಮೇಷ್ಟ್ರು ಪಕ್ಕದಲ್ಲಿ ಕುಳಿತು, ಧೂಪ ಹಾಕಿ, ಬುದ್ಧಿ ಕೊಡಪ್ಪ ಎಂದು ಮಗುವಿನ ಬಾಯಲ್ಲಿ ಹೇಳಿಸುತ್ತಾರೆ. ಆಮೇಲೆ ಅದರ ಕೈ ಹಿಡಿದು ಅಕ್ಕಿಯಲ್ಲಿ ದೇವರ ಹೆಸರು ಬರೆಸುತ್ತಾರೆ. ಯಥಾಶಕ್ತಿ ಕಾಣಿಕೆ ಪಡೆದು ಹೊರಡುತ್ತಾರೆ. ಮರುದಿನ ಬೆಳಿಗ್ಗೆಯೇ ಹುಡುಗ ಶಾಲೆಗೆ!

ನೋಡಿ, ಮಗುವಿಗೆ ಗುರುವಿನ ಮುಖ, ಜೊತೆಯ ಮಕ್ಕಳ ಮುಖ ತನ್ನ ಮನೆಯಲ್ಲೇ ಪರಿಚಯವಾಯಿತು. ಮಾರನೆಯ ದಿನ ಅಳುವುದಕ್ಕೆ ಅರ್ಧ ಕಾರಣ ಅಲ್ಲಿಗೇ ಹೋಯಿತು. ಅಕ್ಕಿಯ ಮೇಲೆ ಆಡಿದ ಬೆರಳೇ ಶಾಲೆಯಲ್ಲಿ ಮರಳಿನ ಮೇಲೆ ಅಕ್ಷರ ತಿದ್ದುತ್ತಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರಂತೆ. ಎರಡನೆಯವನಿಗೆ ಸೊನ್ನೆ. ಮೂರನೆಯವನಿಗೆ ಒಂದು ಮೆಲುವಾದ ಏಟು, ನಾಲ್ಕನೆಯವನಿಗೆ ಎರಡು, ಹೀಗೇ ಏರುತ್ತ ಹೋಗುತ್ತಿತ್ತು. (ಏಟು ಈಗ ಬೇಡ, ಕಾನೂನೂ ಒಪ್ಪುವುದಿಲ್ಲ. ಅಂಗೈಯ ಸರಸ್ವತಿಯನ್ನು ಬೇಕಾದರೆ ಇಟ್ಟುಕೊಳ್ಳಬಹುದು.)

ಆದರೆ ಅದೇ ವರದಿಯಲ್ಲಿ ಮನಸ್ಸು ಭಾರವಾಗುವ ಲೆಕ್ಕವೂ ಇದೆ. ಜಿಲ್ಲೆಯಲ್ಲಿ 533 ಶಾಲೆ, 6,641 ವಿದ್ಯಾರ್ಥಿಗಳು. ಅವರಲ್ಲಿ ಹೆಣ್ಣುಮಕ್ಕಳು ಕೇವಲ 60. ಜನ ಬಡವರಾಗುತ್ತ ಬಂದಿದ್ದರಿಂದ ಮೇಷ್ಟ್ರಿಗೆ ಕೊಡಲು ಗತಿಯಿಲ್ಲದೆ, ಕೈಕಾಲು ಸ್ವಲ್ಪ ಬಲಿತ ಕೂಡಲೇ ಮಕ್ಕಳನ್ನು ದುಡಿಮೆಗೆ ಹಚ್ಚುತ್ತಿದ್ದರೆಂದು ಕ್ಯಾಂಪ್‌ಬೆಲ್ ಬರೆಯುತ್ತಾರೆ. ಅಂದರೆ ಗಣೇಶನ ಎದುರು ಅಕ್ಕಿಯಲ್ಲಿ ಬರೆದ ಎಷ್ಟೋ ಬೆರಳುಗಳು ಆಮೇಲೆ ಕುಡುಗೋಲು ಹಿಡಿದವು. ಸಂಸ್ಕಾರ ಬಾಗಿಲು ತೆರೆಯಿತು. ಒಳಗೆ ಉಳಿಸಿಕೊಳ್ಳುವ ಶಕ್ತಿ ಮನೆಗೂ ಇರಲಿಲ್ಲ, ಊರಿಗೂ ಇರಲಿಲ್ಲ.

ಈಗ ಆ ಕಷ್ಟ ಅಷ್ಟಿಲ್ಲ. 2009ರ ಕಾಯಿದೆಯ ಪ್ರಕಾರ ಆರರಿಂದ ಹದಿನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣ ಹಕ್ಕು. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಇದೆ. ಅಕ್ಷರಾಭ್ಯಾಸಕ್ಕೆ ಗಂಡು ಹೆಣ್ಣೆಂಬ ಭೇದವೂ ಇಲ್ಲ. ನಮ್ಮಲ್ಲಿ ಕಳೆದುಹೋಗಿರುವುದು ಮೇಷ್ಟ್ರು ಮತ್ತು ಆ ಮರುದಿನ. ತಟ್ಟೆ ಅಕ್ಕಿ ಉಳಿದಿದೆ, ಫೋಟೋ ಚೆನ್ನಾಗಿ ಬರುತ್ತದೆ, ಊರಿಗೆ ಹೋದ ಮೇಲೆ ಸ್ಲೇಟು ಅಟ್ಟ ಸೇರುತ್ತದೆ.

ಆದ್ದರಿಂದ ತಾಯಂದಿರಲ್ಲಿ ಒಂದು ವಿನಂತಿ. ಬರೆಸಿದ ಅಕ್ಕಿಯನ್ನು ಮನೆಗೆ ಒಯ್ದು ಪಾಯಸ ಮಾಡಿ. ಅಂಗನವಾಡಿ ಟೀಚರನ್ನು, ಬೀದಿಯ ನಾಲ್ಕು ಮಕ್ಕಳನ್ನು ಊಟಕ್ಕೆ ಕರೆಯಿರಿ. ಕೆಲಸಕ್ಕೆ ಬರುವವರ ಮಗು ಇನ್ನೂ ಶಾಲೆ ಸೇರಿಲ್ಲದಿದ್ದರೆ ಅದನ್ನೂ ಕೂರಿಸಿ, ಅದೇ ತಟ್ಟೆಯಲ್ಲಿ ಬರೆಸಿ. ಮರುದಿನ ಬೆಳಿಗ್ಗೆ ಹಾಲು ಕುಡಿದ ಮೇಲೆ ಸ್ಲೇಟು ತೆಗೆದು, ನಿನ್ನೆ ಏನು ಬರೆದೆ, ತೋರಿಸು ಅಂತ ಕೇಳಿ.