ಕಂಪ್ಯೂಟರ್ ಕೊಡಿಸುವ ಮುನ್ನ

"ಸಾಲ ಮಾಡಿಯಾದರೂ ಮಗುವಿಗೆ ಒಂದು ಲ್ಯಾಪ್‌ಟಾಪ್ ಕೊಡಿಸಿಬಿಡೋಣವೇ?" ಹೀಗೆ ಕೇಳುವ ತಂದೆ-ತಾಯಿಯರಿಗೆ ನಾನು ಪೆರು ದೇಶದ ಕಥೆ ಹೇಳುತ್ತೇನೆ.

ಬಡ ದೇಶಗಳ ಪ್ರತಿ ಮಗುವಿಗೂ ನೂರು ಡಾಲರಿನ ಲ್ಯಾಪ್‌ಟಾಪ್ ಒದಗಿಸುವ ಯೋಜನೆಯನ್ನು ಅಮೆರಿಕದ ಎಂಐಟಿಯ ನಿಕೋಲಸ್ ನೆಗ್ರೊಪಾಂಟೆ 2005ರಲ್ಲಿ ಪ್ರಕಟಿಸಿದರು. ಯಂತ್ರವೇನೋ ಜಾಣತನದ್ದೇ: ಬಿಸಿಲಲ್ಲೂ ಓದಬಹುದಾದ ಪರದೆ, ಧೂಳು-ನೀರಿಗೆ ಜಗ್ಗದ ರಬ್ಬರ್ ಕೀಲಿಮಣೆ. ಬೆಲೆ ಮಾತ್ರ ಇನ್ನೂರು ಡಾಲರಿನ ಹತ್ತಿರ ಹೋಗಿ ನಿಂತಿತು. ಪೆರು ಸರ್ಕಾರ ಎಂಟು ಲಕ್ಷಕ್ಕೂ ಹೆಚ್ಚು ಕೊಂಡಿತು. ಅಲ್ಲಿನ 319 ಹಳ್ಳಿ ಶಾಲೆಗಳ ಅಧ್ಯಯನ 2012ರಲ್ಲಿ ಹೊರಬಂತು. ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳು ಮುಂದೆ ಹೋಗಿರಲಿಲ್ಲ. ತರ್ಕದ ಪರೀಕ್ಷೆಗಳಲ್ಲಿ ಒಂದಿಷ್ಟು ಸುಧಾರಣೆ ಕಂಡಿತ್ತು, ಅಷ್ಟೆ. ಹೆಚ್ಚಿನ ಶಾಲೆಗಳಲ್ಲಿ ಇಂಟರ್ನೆಟ್ ಇರಲಿಲ್ಲ. ಬಹಳಷ್ಟು ಮಕ್ಕಳು ಯಂತ್ರವನ್ನು ಮನೆಗೇ ಒಯ್ಯಲಿಲ್ಲ.

ಮನೆಗೆ ಬಂದರೆ ಏನಾಗುತ್ತದೆ? ಇದಕ್ಕೆ ರೊಮೇನಿಯಾ ನೋಡಬೇಕು. ಅಲ್ಲಿನ ಸರ್ಕಾರ ಕಡಿಮೆ ಆದಾಯದ ಕುಟುಂಬಗಳಿಗೆ ಕಂಪ್ಯೂಟರ್ ಕೊಳ್ಳಲು 200 ಯೂರೋ ನೆರವು ಕೊಟ್ಟಿತು. ನೆರವು ಸಿಕ್ಕವರನ್ನೂ ಆದಾಯ ಕೊಂಚವೇ ಹೆಚ್ಚಿದ್ದುದರಿಂದ ಅದು ಕೈತಪ್ಪಿದವರನ್ನೂ ಸಂಶೋಧಕರು ಹೋಲಿಸಿದರು. ಕಂಪ್ಯೂಟರ್ ಬಂದ ಮನೆಯ ಮಕ್ಕಳು ಅದನ್ನು ಬಳಸುವುದರಲ್ಲಿ ಪಳಗಿದರು, ಶಾಲೆಯ ಅಂಕಗಳಲ್ಲಿ ಹಿಂದೆ ಬಿದ್ದರು. ಹೋಂವರ್ಕಿಗೂ ಕಂಪ್ಯೂಟರಿಗೂ ಅಪ್ಪ-ಅಮ್ಮ ನಿಯಮ ಹಾಕಿದ್ದ ಮನೆಗಳಲ್ಲಿ ಈ ಪರಿಣಾಮ ಕಡಿಮೆ ಇತ್ತು. ನನ್ನ ಮಟ್ಟಿಗೆ, ಈ ವಿಷಯದಲ್ಲಿ ಪೋಷಕರಿಗೆ ಇದಕ್ಕಿಂತ ಉಪಯುಕ್ತವಾದ ಸಂಶೋಧನೆ ಇನ್ನೊಂದಿಲ್ಲ. ನಿಯಮ ಹಾಕಲು ನಿಮಗೆ ಕಂಪ್ಯೂಟರ್ ಬರಬೇಕಾಗಿಲ್ಲವಲ್ಲ!

ಆದ್ದರಿಂದ ಸಾಲ ಬೇಡ. ಪ್ರಾಥಮಿಕ ಶಾಲೆಯ ಮಗುವಿಗೆ ಅವಸರವೂ ಇಲ್ಲ. ಹೈಸ್ಕೂಲಿನವರಿಗೆ ಬೇಕೆನಿಸಿದರೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಸಾಕು. ಕೊಳ್ಳುವ ಮೊದಲು ಚಾರ್ಜರ್ ತೆಗೆದು ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆಂದು ಅಂಗಡಿಯಲ್ಲೇ ನೋಡಿ. ಅಗ್ಗದ ಟ್ಯಾಬ್‌ಗಿಂತ ಕೀಲಿಮಣೆ ಇರುವ ಹಳೆಯ ಯಂತ್ರವೇ ವಾಸಿ; ಟ್ಯಾಬ್ ಕೈಗೆ ಬಂದರೆ ಮಗು ಬರೆಯುವುದಕ್ಕಿಂತ ನೋಡುವುದೇ ಹೆಚ್ಚು. ನೆಗ್ರೊಪಾಂಟೆ ಎಂಐಟಿಯಲ್ಲಿ ಕಟ್ಟಿದ ಮೀಡಿಯಾ ಲ್ಯಾಬಿನಲ್ಲೇ ಹುಟ್ಟಿದ, ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಸ್ಕ್ರ್ಯಾಚ್ ತಂತ್ರಾಂಶ ಉಚಿತ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಯಂತ್ರ ನಡುಮನೆಯಲ್ಲಿರಲಿ. ಹೋಂವರ್ಕ್ ಮುಗಿದ ಮೇಲೆ ತೆರೆಯಲಿ, ಊಟದ ಹೊತ್ತಿಗೆ ಮುಚ್ಚಲಿ.

ಶಾಲೆಯೇ ಕಂಪ್ಯೂಟರ್ ಕೊಡುತ್ತದೆಂದರೆ ಖುಷಿಪಡಿ, ಜೊತೆಗೆ ಉರುಗ್ವೆಯನ್ನೂ ನೆನಪಿಡಿ. 2009ರ ಹೊತ್ತಿಗೆ ಅದು ಸರ್ಕಾರಿ ಪ್ರಾಥಮಿಕ ಶಾಲೆಯ ಎಲ್ಲ ಮಕ್ಕಳಿಗೂ ಲ್ಯಾಪ್‌ಟಾಪ್ ಮುಟ್ಟಿಸಿತು. ಓದು, ಗಣಿತದಲ್ಲಿ ಫಲ ಕಾಣದಿದ್ದರೂ ಯೋಜನೆಯನ್ನು ಕೈಬಿಡಲಿಲ್ಲ. ಇಂಗ್ಲಿಷ್ ಶಿಕ್ಷಕರಿಲ್ಲದ ಶಾಲೆಗಳಿಗೆ ದೂರದ ಶಿಕ್ಷಕರನ್ನು ವಿಡಿಯೊ ಮೂಲಕ ತರಗತಿಗೇ ಕರೆತಂದಿತು. ನಮ್ಮ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಎಷ್ಟು ಕಂಪ್ಯೂಟರ್ ಬರುತ್ತವೆ ಎಂದು ಎಲ್ಲರೂ ಕೇಳುತ್ತಾರೆ. ನೀವು, ಯಾವ ಪೀರಿಯಡ್‌ನಲ್ಲಿ ಯಾವ ಮೇಷ್ಟ್ರು ಅದನ್ನು ಬಳಸುತ್ತಾರೆ, ಕೆಟ್ಟರೆ ರಿಪೇರಿಯ ದುಡ್ಡು ಯಾರದು ಎಂದು ಕೇಳಿ.