ವೀಸಾದಲ್ಲಿ ಎಷ್ಟು ಪ್ರವೇಶ ಇದೆ, ಮೊದಲು ನೋಡಿ

ಪ್ರಶ್ನೆ: ಬಾಡಿಗೆ ಕಾರಿನಲ್ಲಿ ಕ್ರೊಯೇಷಿಯಾದ ಸ್ಪ್ಲಿಟ್‌ನಿಂದ ಕಡಲಂಚಿನಲ್ಲೇ ಮಾಂಟೆನೆಗ್ರೊದ ಕೋಟರ್‌ಗೆ ಹೋಗಿ ಬರಬೇಕೆಂದಿದ್ದೇವೆ. ಏನೇನು ತಯಾರಿ ಬೇಕು?

ಉತ್ತರ: ದೂರ ಮುನ್ನೂರು ಚಿಲ್ಲರೆ ಕಿ.ಮೀ. ಅಷ್ಟೇ, ಆದರೂ ಒಂದೇ ದಿನಕ್ಕೆ ತುರುಕದೆ ಡುಬ್ರೊವ್ನಿಕ್‌ನಲ್ಲಿ ತಂಗಿ. 2022ರಲ್ಲಿ ತೆರೆದ ಪೆಲ್ಯೆಶಾಟ್ಸ್ ಸೇತುವೆ ಹಿಡಿದರೆ ನಡುವಿನ ಬೋಸ್ನಿಯಾ ಗಡಿ ತಪ್ಪುತ್ತದೆ.

ಕ್ರೊಯೇಷಿಯಾ 2023ರಿಂದ ಷೆಂಗೆನ್ ವಲಯದಲ್ಲಿದೆ, ಮಾಂಟೆನೆಗ್ರೊ ಇಲ್ಲ. ಹೊರಹೋದವರು ಮರಳಲು ಮತ್ತೊಂದು ಪ್ರವೇಶ ಬೇಕು. ಹಾಗಾಗಿ ಮಲ್ಟಿಪಲ್ ಎಂಟ್ರಿ ವೀಸಾವನ್ನೇ ಕೇಳಿ. ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಕಾರಿನವರಿಂದ ಗಡಿ ದಾಟುವ ಲಿಖಿತ ಅನುಮತಿ, ಗ್ರೀನ್ ಕಾರ್ಡ್ ವಿಮೆ ಕೈಯಲ್ಲಿರಲಿ. ಮಾಂಟೆನೆಗ್ರೊದಲ್ಲಿ ಹಗಲಲ್ಲೂ ಹೆಡ್‌ಲೈಟ್ ಉರಿಸಬೇಕು.

ಹೋಗುವಾಗ ಪೆರಾಸ್ಟ್ ಮೂಲಕ ಕೊಲ್ಲಿ ಸುತ್ತಿ. ಬರುವಾಗ ಲೆಪೆಟಾನೆಯಲ್ಲಿ ಕಾರಿನ ಸಮೇತ ಫೆರ್ರಿ ಹತ್ತಿ. ಕಾಗದಪತ್ರ ಸರಿಯಾದ ಮೇಲೆಯೇ ಹೋಟೆಲಿಗೆ ಹಣ ಕಟ್ಟಿ.