ಕಡಲಿನ ಕಡೆಗೆ ದೀಪ ಬೇಡ

ಕಡಲತೀರದ ಪುಟ್ಟ ಮನೆಯನ್ನು ಕ್ರಿಸ್‌ಮಸ್‌ಗೆ ಸಿಂಗರಿಸುವವರಿಗೆ ಒಂದು ಮಾತು: ದೀಪಗಳು ರಸ್ತೆಯ ಕಡೆಗಿರಲಿ, ಕಡಲ ಕಡೆಯನ್ನು ಕತ್ತಲಾಗಿಯೇ ಬಿಡಿ. ಕುಂದಾಪುರ, ಹೊನ್ನಾವರದ ಮರಳದಂಡೆಗಳಿಗೆ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುವುದು ಚಳಿಗಾಲದಲ್ಲೇ. ಬೆಳಕು ಚೆಲ್ಲಿದ ದಂಡೆಯನ್ನೇರಲು ತಾಯಿ ಆಮೆ ಹಿಂಜರಿಯುತ್ತದೆ. ಮರಿಗಳಂತೂ ನೀರಿನ ಮೇಲಿನ ಮಂದ ಬೆಳಕನ್ನೇ ನಂಬಿ ಕಡಲು ಸೇರುವಂಥವು; ಅಂಗಳದ ಬಲ್ಬು ಕಂಡರೆ ಅತ್ತಲೇ ತೆವಳುತ್ತವೆ. ಮರಿ ಹೊರಬರಲು 45ರಿಂದ 60 ದಿನ ಬೇಕು, ಅಷ್ಟರಲ್ಲಿ ಹಬ್ಬ ಮುಗಿದಿರುತ್ತದಲ್ಲ ಎನ್ನಬಹುದು. ನಿಜ. ಆದರೆ ಶಿವರಾತ್ರಿಯವರೆಗೂ ಸರದೀಪ ಮಾಡಿನಂಚಿನಲ್ಲಿ ನೇತಾಡುವ ಮನೆಗಳೇನು ಕಡಿಮೆಯೇ? ಹಾಕುವಾಗಿನ ಹುರುಪು ಬಿಚ್ಚುವಾಗ ಯಾರಿಗೂ ಇರುವುದಿಲ್ಲ.

ಹಾಗಾದರೆ ಹಬ್ಬದ ಕಳೆ ಎಲ್ಲಿಂದ ಬರಬೇಕು? ಒಳಗಿನಿಂದ. ಕರಾವಳಿಯ ಕ್ರೈಸ್ತರ ಮನೆಗಳ ಗೋದಲಿಯನ್ನೇ ನೋಡಿ: ಒಣಹುಲ್ಲು, ಮಡಲಿನ ಮಾಡು, ಮುಂಚೆಯೇ ತಟ್ಟೆಯ ಮಣ್ಣಲ್ಲಿ ಬಿತ್ತಿ ಬೆಳೆಸಿದ ಭತ್ತದ ಎಳೆ ಪೈರು, ಮೇಲೊಂದು ಕಾಗದದ ನಕ್ಷತ್ರ. ಗಾಳಿಮರದ ಕೊಂಬೆಯೊಂದನ್ನು ಮಣ್ಣಿನ ಕುಂಡದಲ್ಲಿ ನಿಲ್ಲಿಸಿದರೆ ಪ್ಲಾಸ್ಟಿಕ್ ಮರವೇ ಬೇಡ. ಕಟ್ಟಲು ತೆಂಗಿನ ನಾರಿನ ಹಗ್ಗ ಸಾಕು. ಕಬ್ಬಿಣದ ತಂತಿ, ಮೊಳೆಗಳು ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿದು ಸುಣ್ಣದ ಗೋಡೆಗೆ ಕಂದು ಗೆರೆ ಇಳಿಸುತ್ತವೆ. ಅಲಂಕಾರಕ್ಕೆಂದು ಅಂಗಡಿಯ ಶಂಖ ಕೊಳ್ಳಬೇಡಿ, ಕೆಲವು ಜಾತಿಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಕಡಲ ಕಡೆಗೆ ಕಿಟಕಿಯಿದ್ದರೆ ಕತ್ತಲಾಗುತ್ತಲೇ ಪರದೆ ಎಳೆದುಬಿಡಿ.